ಏಳು ಗಂಟಿನ ಕುಪ್ಪಸ

ನಮ್ಮೂರಿನಲ್ಲಿ ಕುಡುಗಾಲಿಗಳಿಗೆ ಕುಪ್ಪಸ ಹೊಲಿಯುವ ಮನೆ ಇರುವುದು ಒಂದೇ, ಅದು ನಮ್ಮದು. ಮೂರು ತಲೆಮಾರಿನಿಂದ ಹೊಲಿಯುತ್ತಿದ್ದೇವೆ ಎಂದು ನಮ್ಮ ಅತ್ತೆ ಹೊಳೆವ್ವ ಹೇಳುತ್ತಾಳೆ. ಎದುರಿಗೆ ಕೂತವರನ್ನು ನೋಡಿಕೊಂಡು ಒಮ್ಮೊಮ್ಮೆ ನಾಲ್ಕು ಎನ್ನುವುದೂ ಉಂಟು. ನಾನು ಈ ಮನೆಗೆ ಸೊಸೆಯಾಗಿ ಬಂದ ಮಾರನೇ ದಿನವೇ ಅತ್ತೆ ನನ್ನ ಕೈಗೆ ಸೂಜಿ ಕೊಟ್ಟು, "ಅಂಬವ್ವಾ, ಗಂಡನ ಮಾರಿ ಆಮ್ಯಾಲ ನೋಡೀಯಂತ, ಮೊದಲ ಇದನ್ನ ಕಲಿ" ಎಂದಿದ್ದಳು. ಕಲಿತೆ. ಇಪ್ಪತ್ತೆರಡು ವರ್ಷವಾಯಿತು. ಈಗ ಕಣ್ಣು ಮುಚ್ಚಿಕೊಂಡು ಹೊಲಿಯುತ್ತೇನೆ. ಕುಪ್ಪಸಕ್ಕೆ ಏಳು ಗಂಟು: ಎದೆಯ ಮೇಲೆ ಮೂರು, ಒಂದೊಂದು ಕೈಗೆ ಎರಡೆರಡು. ತೊಡಿಸಿ ಬಿಗಿದ ಮೇಲೆ ಕುಡುಗಾಲಿಯ ಕೈ ಮೈಗೆ ಅಂಟಿಕೊಂಡು ಕೂರಬೇಕು, ಒಂದು ಗರಿಯೂ ಹೊರಗೆ ಇಣುಕಬಾರದು. ನಮ್ಮ ಮನೆಯ ಕುಪ್ಪಸ ತೊಟ್ಟದ್ದನ್ನು ಊರ ತುದಿಯಿಂದಲೇ ಗುರುತು ಹಿಡಿಯುತ್ತಾರೆ. ಜಂಬ ಕೊಚ್ಚುತ್ತಿದ್ದೇನೆ ಅಂತೀರಾ? ಕೊಚ್ಚುತ್ತೇನೆ, ತಪ್ಪೇನು?

ಕುಡುಗಾಲಿ ಸಾಕದ ಮನೆ ನಮ್ಮಲ್ಲಿಲ್ಲ. ಬೆಕ್ಕಿಗಿಂತ ಎತ್ತರ, ಬಾಯಿ ತುಂಬ ಸೂಜಿಯಂಥ ಹಲ್ಲು, ಹಿಂದೆ ಕೋಲಿನ ಹಾಗೆ ಸೆಟೆದ ಉದ್ದ ಬಾಲ, ಮೈಗೂ ಕೈಗೂ ಗರಿ. ಕಾಲಿನ ಎರಡನೇ ಬೆರಳಿಗೆ ಕುಡುಗೋಲಿನಂತೆ ಬಾಗಿದ ಒಂದು ಉಗುರು. ನಡೆಯುವಾಗ ಅದನ್ನೊಂದನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿದಿರುತ್ತದೆ, ಹೊಸ ಸೀರೆಯ ನಿರಿಗೆ ಎತ್ತಿಕೊಂಡು ಕೆಸರು ದಾಟುವ ಹೆಂಗಸಿನ ಹಾಗೆ. ಇಡೀ ಊರಿನ ಬಿತ್ತನೆ ಬೀಜ ಒಂದೇ ಕಣಜದಲ್ಲಿರುತ್ತದೆ. ಆ ಕಣಜದ ಬುಡದಲ್ಲಿ ಬೆಕ್ಕನ್ನೇ ಅಟ್ಟಿಸಿಕೊಂಡು ಹೋಗುವ ಹೆಗ್ಗಣಗಳಿವೆ. ಅವನ್ನು ಹಿಡಿಯುವುದು ಕುಡುಗಾಲಿಗಳ ಕೆಲಸ, ವಾರಕ್ಕೊಂದು ಮನೆಯ ಸರದಿ. ಹಿಡಿಯುವಾಗ ಕೈ ಬಡಿಯಬಾರದು. ಕುಡುಗಾಲಿಯ ಗರಿಯ ಗಾಳಿ ಬಿದ್ದ ಬೀಜ ಮೊಳೆಯುವುದಿಲ್ಲ ಎಂದು ಹಿಂದಿನವರು ಹೇಳಿಟ್ಟಿದ್ದಾರೆ. ಅದಕ್ಕೇ ಕುಪ್ಪಸ, ಅದಕ್ಕೇ ನಮ್ಮ ಹೊಟ್ಟೆಪಾಡು. ಇನ್ನೊಂದು ಕಟ್ಟಳೆಯಿದೆ. ಹಿಡಿದ ಹೆಗ್ಗಣವನ್ನು ಮೂರು ಸಲ ಕೈಬಿಟ್ಟ ಕುಡುಗಾಲಿಯನ್ನು ಹಳೆ ಕೋಟೆಗೋಡೆಯ ಆಚೆ ಬಿಟ್ಟು ಬರಬೇಕು. ಆಚೆ ತೋಳ ತಿರುಗುವ ಕುರುಚಲು ಕಾಡು. ಮನೆಯಲ್ಲಿ ಬೆಳೆದ ಜೀವ ಅಲ್ಲಿ ನಾಲ್ಕು ದಿನ ಬಾಳುವುದಿಲ್ಲ.

ನಮ್ಮ ಮನೆಯ ಕುಡುಗಾಲಿಯ ಹೆಸರು ಸರದಾರ. ಹೆಣ್ಣು. ಮೊಟ್ಟೆಯೊಡೆದು ಹೊರಬಂದ ದಿನ ಅತ್ತೆ ಕಣ್ಣು ಕಿರಿದು ಮಾಡಿ ನೋಡಿ ಗಂಡು ಎಂದಳು, ಹೆಸರಿಟ್ಟಳು. ಎರಡು ವರ್ಷದ ಮೇಲೆ ಸರದಾರ ನನ್ನ ಹೊಲಿಗೆಯ ಬುಟ್ಟಿಯಲ್ಲಿ ಮೊಟ್ಟೆಯಿಟ್ಟಾಗಲೂ ಅತ್ತೆ ಮಾತು ಬದಲಿಸಲಿಲ್ಲ, "ಗಂಡಸರು ಏನೇನೋ ಮಾಡ್ತಾರ" ಎಂದುಬಿಟ್ಟಳು. ನನ್ನ ಗಂಡ ಬಟ್ಟೆ ಹುಡುಕಿಕೊಂಡು ಸಂತೆಯಿಂದ ಸಂತೆಗೆ ತಿರುಗುವವನು. ಮನೆಯಲ್ಲಿ ಇರುವುದು ನಾವು ಮೂವರು ಹೆಂಗಸರೇ: ಅತ್ತೆ, ನಾನು, ಸರದಾರ. ನಾನು ಹೊಲಿಯಲು ಕೂತರೆ ಅವಳು ನನ್ನ ತೊಡೆಗೆ ಒತ್ತಿಕೊಂಡು ಕೂರುತ್ತಾಳೆ, ದಾರದ ಉಂಡೆ ಕದ್ದು ಒಲೆಯ ಹಿಂದೆ ಬಚ್ಚಿಡುತ್ತಾಳೆ, ಬೈದರೆ ತಲೆ ಓರೆ ಮಾಡಿ ನನ್ನ ಬಾಯಿಯನ್ನೇ ನೋಡುತ್ತಾಳೆ. ನನಗೆ ಅವಳೆಂದರೆ ಜೀವ. ಇದನ್ನು ಸುತ್ತುಬಳಸಿ ಹೇಳುವುದೇಕೆ?

ಆ ಸರದಾರ ಎರಡು ಹೆಗ್ಗಣ ಕೈಬಿಟ್ಟಿದ್ದಳು. ಓಟದಲ್ಲಿ ಅವಳನ್ನು ಮೀರಿಸುವ ಕುಡುಗಾಲಿ ಇರಲಿಲ್ಲ. ನೆಗೆದು ಹೆಗ್ಗಣದ ಬೆನ್ನೇರುತ್ತಿದ್ದಳು, ಎರಡೂ ಕುಡುಗೋಲುಗುರು ಊರಿ ಹಿಡಿಯುತ್ತಿದ್ದಳು. ಆಮೇಲೆ ಹೆಗ್ಗಣ ಒಂದು ಸಲ ಜೋರಾಗಿ ಕೊಸರಿದರೆ ಸಾಕು, ಗೋಣಿಚೀಲದ ಹಾಗೆ ಪಕ್ಕಕ್ಕೆ ಉರುಳುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬಾರದು ಅಂತಾರಲ್ಲ, ಹಾಗೆ. ಬೇರೆಯವರ ಕುಡುಗಾಲಿಗಳೂ ಉರುಳುತ್ತಿದ್ದವು, ಇಲ್ಲವೆಂದಲ್ಲ. ಅವು ಹಿಡಿಯುತ್ತಿದ್ದದ್ದು ಮರಿ ಹೆಗ್ಗಣ, ಉರುಳಿದರೂ ಹೇಗೋ ಕಚ್ಚಿಕೊಂಡಿರುತ್ತಿದ್ದವು. ನಮ್ಮ ಸರದಾರನಿಗೆ ದೊಡ್ಡದೇ ಬೇಕು. ಮೊದಲ ಸಲ ಬಿದ್ದಾಗ ಕುಪ್ಪಸ ಸಡಿಲಾಗಿದೆ ಎಂದುಕೊಂಡು ಬಿಗಿ ಮಾಡಿದೆ. ಎರಡನೇ ಸಲ ಬಿದ್ದಾಗ ಇನ್ನಷ್ಟು ಬಿಗಿ ಮಾಡಿದೆ, ಅಡ್ಡಕ್ಕೊಂದು ಪಟ್ಟಿಯನ್ನೂ ಕೊಟ್ಟೆ. ಕಣಜದ ಹಿರಿಯ ಮುರಿಗೆಪ್ಪಜ್ಜ ನಮ್ಮ ಕಟ್ಟೆಯ ಮೇಲೆ ಕೂತು ನಿಧಾನಕ್ಕೆ ಎಲೆಗೆ ಸುಣ್ಣ ಹಚ್ಚಿ, "ಅಂಬವ್ವ, ಇನ್ನೊಂದಾತಂದ್ರ ಗೋಡಿ ಆಚಿ. ನನಗೂ ಕೆಟ್ಟ ಅನಸ್ತೈತಿ. ಆದ್ರ ಊರಿಗೊಂದು, ನಿಮ್ಮ ಮನಿಗೊಂದು ಕಟ್ಟಳಿ ಮಾಡಾಕ ಬರೂದಿಲ್ಲ" ಎಂದು ಹೋದ. ಮುಂದಿನ ಶುಕ್ರವಾರದಿಂದ ನಮ್ಮ ಸರದಿ.

ಸೋಮವಾರ ಕುಪ್ಪಸ ಒಗೆಯುವ ದಿನ. ಅವತ್ತು ಊರಿನ ಕುಡುಗಾಲಿಗಳೆಲ್ಲ ಬರಿಮೈಯಲ್ಲಿ ಬುಟ್ಟಿಯಡಿ ಕೂತಿರಬೇಕು, ಬೇಟೆಗೆ ಬಿಡುವಂತಿಲ್ಲ. ಸರದಿ ಬರುವ ಮನೆಯವರು ಕಣಜದ ಒಂದಿಷ್ಟು ಬೀಜ ತಂದು ಹಿತ್ತಲಲ್ಲಿ ಬಿಸಿಲಿಗೆ ಹಾಕುವುದು ರೂಢಿ. ನಾನು ಚಾಪೆಯ ತುಂಬ ಮಡಕೆಕಾಳು ಹರವಿ, ಒಗೆಯುವ ಕಲ್ಲಿನ ಮುಂದೆ ಕೂತಿದ್ದೆ. ಬಚ್ಚಲ ಮೋರಿಯಿಂದ ಹೆಗ್ಗಣವೊಂದು ಕಾಳಿಗೆ ಬಂತು. ಸರದಾರನಷ್ಟೇ ತೂಗುತ್ತಿತ್ತೇನೋ, ಅಂಥದ್ದು. ನಾನು ಹುಶ್ ಎನ್ನುವುದರೊಳಗೆ ಬುಟ್ಟಿ ದಬಕ್ಕೆಂದು ಬಿತ್ತು, ಸರದಾರ ಅದರ ಬೆನ್ನ ಮೇಲಿದ್ದಳು.

ಹೆಗ್ಗಣ ಕಿರುಚಿ ಎಡಕ್ಕೆ ಹೊರಳಿತು. ಈಗ ಬೀಳುತ್ತಾಳೆ ಎಂದುಕೊಂಡೆ. ಬೀಳಲಿಲ್ಲ. ಎರಡೂ ಕೈ ಅಗಲಿಸಿ ಬಡಿದಳು. ಹೆಗ್ಗಣ ಬಲಕ್ಕೆ ಕೊಸರಿತು, ಮತ್ತೆ ಬಡಿದಳು, ಬಾಲ ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಡಿತು. ಅದು ಹೇಗೆ ತಿರುಗಿದರೂ ಇವಳು ನೆಟ್ಟಗೆ ಮೇಲೆಯೇ. ಕಾಲು ಹಿಡಿಯಲಿಕ್ಕೆ, ಕೈ ಬೀಳದಿರಲಿಕ್ಕೆ! ಹೆಗ್ಗಣ ಸುಸ್ತಾಗಿ ಮಲಗುವ ತನಕ ಅವಳು ಕೈ ಬಡಿಯುವುದನ್ನು ನಿಲ್ಲಿಸಲಿಲ್ಲ. ನಾನು ಅವಳ ಒದ್ದೆ ಕುಪ್ಪಸವನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದೆ. ಎರಡು ಸಲವೂ ಅವಳನ್ನು ಬೀಳಿಸಿದವಳು ನಾನು. ಬಿಗಿ ಮಾಡಿ ಮಾಡಿ ಬೀಳಿಸಿದ್ದೆ.

ಅಷ್ಟರಲ್ಲಿ ಅತ್ತೆ ಹಿತ್ತಲಿಗೆ ಬಂದು ಎದೆ ಬಡಿದುಕೊಂಡಳು. "ಅಯ್ಯ ನಮ್ಮವ್ವಾ! ಬೀಜಕ್ಕ ಗಾಳಿ ಬಿತ್ತಲ್ಲೇ!" ಚಾಪೆಯ ಮೇಲಿನ ಕಾಳೆಲ್ಲ ಗರಿಯ ಗಾಳಿಗೆ ಹಿತ್ತಲ ತುಂಬ ಚೆಲ್ಲಾಡಿತ್ತು. ಇಬ್ಬರೂ ಬಗ್ಗಿ ಬಳಿದು ತುಂಬಿದೆವು. ನಾನು ನೋಡಿದ್ದನ್ನು ಹೇಳಿದೆ. ಅತ್ತೆ, "ಬಾಯಿ ಮುಚ್ಚು, ಯಾರರೆ ಕೇಳ್ಯಾರು" ಎಂದಳು. ನಾನು ಬಾಯಿ ಮುಚ್ಚಿದೆ, ಆದರೆ ಆ ಕಾಳಿನಲ್ಲೇ ನಾಲ್ಕು ಬೊಗಸೆ ತೆಗೆದು ನೀರಿಗೆ ಹಾಕಿದೆ. ಮಂಗಳವಾರ ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟೆ. ಬುಧವಾರ ಸಂಜೆ ಗಂಟು ಬಿಚ್ಚಿದರೆ ಒಂದು ಕಾಳೂ ಸುಳ್ಳಾಗಿರಲಿಲ್ಲ. ಒಂದೊಂದಕ್ಕೂ ಬೆಳ್ಳಗೆ ಬಾಲ ಬಂದಿತ್ತು.

ಅತ್ತೆಯ ಮುಂದೆ ತಂದಿಟ್ಟೆ. ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದಳು, ಇನ್ನೊಂದು ಎತ್ತಿದಳು. "ಹಂಗಾರ ನಾನು ನಲವತ್ತು ವರ್ಷ ಹೊಲದದ್ದು..." ಎಂದು ಅಲ್ಲಿಗೇ ನಿಲ್ಲಿಸಿದಳು.

"ಅತ್ತಿ, ಮುರಿಗೆಪ್ಪಜ್ಜಗ ಹೇಳೂಣ್ರಿ. ಕುಪ್ಪಸ ಇಲ್ಲದ ಬಿಡ್ರಿ ಅನ್ನೂಣು."

"ಹೇಳಿ? ನಾಳಿಂದ ಏನ ಹೊಲೀತಿ? ನಮ್ಮ ಕಾಲ ಮ್ಯಾಲ ನಾವ ಕಲ್ಲ ಹಾಕ್ಕೊಳ್ಳೂದು?"

"ಹಂಗಾರ ಸರದಾರ?"

ಅತ್ತೆ ಗೋಡೆಯ ಕಡೆ ತಿರುಗಿ ಕೂತಳು. ಗುರುವಾರವಿಡೀ ಇದೇ ಮುನಿಸು. ನಾನು ಪಾತ್ರೆ ಕುಕ್ಕಿದೆ, ಅವಳು ಬಾಗಿಲು ಕುಕ್ಕಿದಳು. ನಡುವೆ ಸರದಾರ ಅತ್ತ ಒಮ್ಮೆ ಇತ್ತ ಒಮ್ಮೆ ಓಡಾಡಿ, ಕೊನೆಗೆ ಅತ್ತೆಯ ಸೆರಗಿನ ಮೇಲೆ ಮಲಗಿಬಿಟ್ಟಳು. ಅತ್ತೆ ಸೆರಗು ಎಳೆದುಕೊಳ್ಳಲಿಲ್ಲ, ಅವಳು ಏಳುವ ತನಕ ಕೂತಲ್ಲಿಂದ ಕದಲಲೂ ಇಲ್ಲ.

ಶುಕ್ರವಾರ ಬೆಳಿಗ್ಗೆ ನನಗೆ ಎಚ್ಚರವಾದದ್ದು ಸಾಸಿವೆ ಸಿಡಿಯುವ ಸದ್ದಿಗೆ. ಅಡುಗೆಮನೆಗೆ ಹೋದರೆ ಅತ್ತೆ ಆ ಮೊಳಕೆ ಕಾಳನ್ನು ಒಗ್ಗರಣೆಗೆ ಸುರಿಯುತ್ತಿದ್ದಳು. ನನ್ನ ಕಡೆ ನೋಡದೆಯೇ, "ಮುರಿಗೆಪ್ಪಗ ಮಡಕಿಕಾಳ ಪಲ್ಯಾ ಅಂದ್ರ ಜೀವ. ಹೊಟ್ಟಿ ತುಂಬಿದವರ ಕೂಡ ಮಾತಾಡೂದು ಸಲೀಸು. ನಿಂತೇನ ನೋಡ್ತೀ? ರೊಟ್ಟಿ ಬಡಿ" ಎಂದಳು. ನಾನು ಹಿಂದಿನಿಂದ ಹೋಗಿ ಅವಳನ್ನು ತಬ್ಬಿಕೊಂಡೆ. "ಸರಿಯೇ ಅತ್ಲಾಗ, ಎಣ್ಣಿ ಸಿಡೀತೈತಿ" ಎಂದು ಮೊಣಕೈಯಿಂದ ತಿವಿದಳು.

ಸರದಿಯ ಮೊದಲ ದಿನ ಕಣಜದ ಅಂಗಳದಲ್ಲಿ ಊರೇ ಸೇರುತ್ತದೆ, ತಂತಮ್ಮ ಕುಡುಗಾಲಿಗಳನ್ನು ಕಂಕುಳಲ್ಲಿ ಎತ್ತಿಕೊಂಡು. ಮುರಿಗೆಪ್ಪಜ್ಜ ಕಟ್ಟೆಯ ಮೇಲೆ ಕೂತು ಮೂರು ರೊಟ್ಟಿ ತಿಂದ, ಪಲ್ಯ ಎರಡು ಸಲ ಹಾಕಿಸಿಕೊಂಡ, ಬೆರಳು ನೆಕ್ಕಿದ. "ಹೊಳೆವ್ವ, ನಿನ್ನ ಕೈಗುಣಕ್ಕ ಸಾಟಿ ಇಲ್ಲ ಬಿಡು. ಎಷ್ಟ ಚಂದ ಮೊಳಕಿ ಬಂದಾವು!"

"ಬರಲಾರದ ಏನ್ರಿ? ಸೋಮವಾರ ನಮ್ಮ ಸರದಾರ ಇದರ ಮ್ಯಾಲ ಗಾಳಿ ಹಾಕ್ಯಾನ, ಅದಕ್ಕ ಇಷ್ಟ ಜೋರ ಬಂದಾವು" ಎಂದಳು ಅತ್ತೆ.

ಅಜ್ಜನಿಗೆ ನೆತ್ತಿಗೆ ಹತ್ತಿತು. ನಾನು ನೀರು ಕೊಟ್ಟೆ. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದ ಮೇಲೆ, "ಗಾಳಿ ಬಿದ್ದ ಬೀಜ ನನಗ ತಿನಿಸಿದ್ರಿ?" ಎಂದು ಗುಡುಗಿದ.

"ಗಾಳಿ ಬಿದ್ದದ್ದು ಮೊಳಿಯೂದಿಲ್ಲ ಅಂತೀರಲ್ರಿ ಅಜ್ಜಾರ? ಮತ್ತ ಈಗ ನುಂಗಿದ್ದೇನು?" ಎಂದೆ ನಾನು.

ಜನ ಗೊಳ್ಳೆಂದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಬಂದು ಪಾತ್ರೆಯ ತಳದಲ್ಲಿ ಉಳಿದ ಕಾಳು ಎತ್ತಿ ಎತ್ತಿ ನೋಡಿದರು. ನಾನು ಹಿತ್ತಲಲ್ಲಿ ಕಂಡದ್ದನ್ನೆಲ್ಲ ಹೇಳಿದೆ: ಹೆಗ್ಗಣ ಹೇಗೆ ಹೊರಳಿತು, ಇವಳು ಹೇಗೆ ಬಡಿದಳು, ಹೇಗೆ ಬೀಳಲಿಲ್ಲ. "ನಿಮ್ಮೆಲ್ಲಾರ ಕುಡುಗಾಲಿ ಬೀಳೂದು ನನ್ನ ಕುಪ್ಪಸದಿಂದ" ಎಂದು ಊರ ಮುಂದೆ ಬಾಯಿಬಿಟ್ಟು ಹೇಳಿದೆ. ಅತ್ತೆ ನನ್ನ ಪಕ್ಕಕ್ಕೆ ಬಂದು, "ಆಕೀದಷ್ಟ ಅಲ್ಲ, ನಂದೂ. ನಂದ ಹೆಚ್ಚು" ಎಂದಳು. ಇದರಲ್ಲೂ ಸೊಸೆ ತನ್ನನ್ನು ಮೀರಬಾರದು ನೋಡಿ.

ಮುರಿಗೆಪ್ಪಜ್ಜ ಬಹಳ ಹೊತ್ತು ಮೀಸೆ ತೀಡಿದ. ಕೊನೆಗೆ, "ಇವತ್ತೊಂದ ದಿನ ಬಿಚ್ಚಿ ಬಿಡು. ಆದ್ರ ಕೇಳಿಲ್ಲೆ. ಕೈ ಬಿಚ್ಚಿದಾಗೂ ಹೆಗ್ಗಣ ಬಿಟ್ಟಳಂದ್ರ, ಅಕೀನ್ನ ಗೋಡಿ ಆಚಿ ಬಿಟ್ಟ ಬರಾಕಿ ನೀನ, ನಿನ್ನ ಕೈಯಾರ. ಹೂಂ ಅಂತೀಯೋ?" ಎಂದ.

"ಹೂಂನ್ರಿ" ಎಂದೆ. ಏಳು ಗಂಟು ಬಿಚ್ಚುವಷ್ಟರಲ್ಲಿ ಬೆರಳೆಲ್ಲ ಬೆವೆತು ಎರಡು ಸಲ ಜಾರಿತು. ಸರದಾರ ಮೈ ಕೊಡವಿ, ಕೈ ಚಾಚಿ, ಒಂದೊಂದೇ ಗರಿಯನ್ನು ಹಲ್ಲಿನಿಂದ ಸವರಿಕೊಂಡಳು. ಸೋಮವಾರವೂ ಬುಟ್ಟಿಯಡಿಯೇ ಇರುವುದರಿಂದ ಅವಳ ಗರಿಯನ್ನು ಊರು ಕಂಡದ್ದೇ ಇಲ್ಲ. "ಎಷ್ಟ ಛಂದ ಅದಾವಲ್ಲ!" ಎಂದು ಯಾರೋ ಹಿಂದಿನಿಂದ ಅಂದರು.

ಕಣಜದ ಬಾಗಿಲು ತೆಗೆದರು. ನಾವೆಲ್ಲ ಹೊಸ್ತಿಲ ಹೊರಗೆ ನಿಂತೆವು. ಚೀಲಗಳನ್ನು ಒಂದರ ಮೇಲೊಂದು ಒಟ್ಟಿ ಸೂರಿನ ತನಕ ಏರಿಸಿದ್ದರು. ಅದರ ಬುಡದಿಂದ ಹೆಗ್ಗಣ ಹೊರಟಿತು, ಬೂದು ಬಣ್ಣದ ಮುದಿ ಹೆಗ್ಗಣ, ಅರ್ಧ ಕಿವಿ ಇರಲಿಲ್ಲ. ಸರದಾರನನ್ನು ಕಂಡದ್ದೇ ಚೀಲದ ಮೇಲೆ ಚೀಲ ಹತ್ತಿ ಓಡಿತು. ಇವಳು ಕೈ ಬಡಿಯುತ್ತಾ ಹಿಂದೆಯೇ ನುಗ್ಗಿದಳು. ಗೋಡೆಯ ಹಾಗೆ ನಿಂತ ಚೀಲದ ರಾಶಿಯನ್ನು ನೆಲದ ಮೇಲೆ ಓಡಿದಷ್ಟು ಸಲೀಸಾಗಿ ಓಡಿ ಹತ್ತಿದಳು. ತುತ್ತತುದಿಯಲ್ಲಿ, ಗಾಳಿಗೆಂದು ಬಿಟ್ಟ ಕಿಂಡಿಯ ಬಾಯಲ್ಲಿ, ನೆಗೆದು ಹಿಡಿದಳು. ಹೆಗ್ಗಣ ಪ್ರಾಣ ಒತ್ತೆಯಿಟ್ಟು ಕೊಸರಿತು. ಇವಳು ಬಡಿದಳು. ಅದು ಹೊರಳಿತು. ಇಬ್ಬರೂ ಒಟ್ಟಿಗೆ ಕಿಂಡಿಯಿಂದ ಆಚೆ ಹೋದರು.

ಕಿಂಡಿ ಮೂರಾಳೆತ್ತರದಲ್ಲಿದೆ. "ಸರದಾರಾ!" ಎಂದು ಕೂಗುತ್ತಾ ಕಣಜದ ಹಿಂದಕ್ಕೆ ಓಡಿದೆ, ಊರೆಲ್ಲ ನನ್ನ ಹಿಂದೆ ಓಡಿತು. ನೆಲದ ಮೇಲೆ ಏನೂ ಇರಲಿಲ್ಲ. ನಾನು ಬಗ್ಗಿ ಕಲ್ಲಿನ ಸಂದಿ ಹುಡುಕುತ್ತಿದ್ದೆ. ಮುರಿಗೆಪ್ಪಜ್ಜ ನನ್ನ ಭುಜ ಹಿಡಿದು, ಬಾಯಿ ತೆರೆದುಕೊಂಡು, ಕೈ ಮೇಲೆ ತೋರಿಸಿದ.

ನಮ್ಮೂರಿನ ಆಕಾಶದಲ್ಲಿ ಮೋಡ, ಧೂಳು, ಸೊಳ್ಳೆ ಬಿಟ್ಟರೆ ಬೇರೆ ಏನನ್ನೂ ಯಾರೂ ಕಂಡವರಲ್ಲ. ಅಲ್ಲಿ, ಬಯಲಿನ ಮೇಲೆ, ಏನೂ ಇಲ್ಲದ ಜಾಗದಲ್ಲಿ, ನಮ್ಮ ಸರದಾರ ಇದ್ದಳು. ಕಾಲಲ್ಲಿ ಹೆಗ್ಗಣ ಹಾಗೇ ಇತ್ತು. ಅದು ಬಿದ್ದುಹೋಗದಿರಲೆಂದು ಅವಳು ಬಡಿಯುತ್ತಿದ್ದಳು, ಬಡಿದಷ್ಟೂ ತಾನೂ ಬೀಳುತ್ತಿರಲಿಲ್ಲ. ನಾಜೂಕೇನಿರಲಿಲ್ಲ. ಒಂದು ಮಾರು ಕುಸಿಯುತ್ತಿದ್ದಳು, ಗಾಬರಿಯಿಂದ ಇನ್ನೂ ಜೋರಾಗಿ ಬಡಿದು ಅರ್ಧ ಮಾರು ಏರುತ್ತಿದ್ದಳು. ಹಾಗೇ ತೇಕಾಡುತ್ತಾ ಬಯಲು ದಾಟಿ ಕೋಟೆಗೋಡೆಯ ನೆತ್ತಿಯ ಮೇಲೆ ಹೋಗಿ ಕೂತಳು.

"ಬಿದ್ದಳಲ್ಲ" ಎಂದ ಒಬ್ಬ. "ಯಾಂವಲೇ ಅಂವ, ಮ್ಯಾಲ ಹೋದದ್ದಕ್ಕ ಬಿದ್ದಳು ಅನ್ನಾಂವ?" ಎಂದು ಅತ್ತೆ ಅವನ ಮೇಲೆ ಏರಿಹೋದಳು. ಆಗ ಎಲ್ಲರೂ ಒಟ್ಟಿಗೆ ಬಾಯಿಬಿಟ್ಟರು. ಕೇಕೆ, ಶಿಳ್ಳೆ, ಮುರಿಗೆಪ್ಪಜ್ಜ ರುಮಾಲು ತೆಗೆದು ಮೇಲಕ್ಕೆಸೆದ. "ಬಿಡಲಿಲ್ಲ! ಹೆಗ್ಗಣ ಬಿಡಲಿಲ್ಲಲೇ!" ಎಂದು ಎಂಬತ್ತರ ಮುದುಕ ಕುಣಿದ.

ನನಗೆ ಕುಣಿಯಲು ಬರಲಿಲ್ಲ. ಗೋಡೆಯ ಈಚೆ ಊರು, ಆಚೆ ಕಾಡು. ಅವಳು ಕಾಡಿನ ಕಡೆಗೇ ನೋಡುತ್ತಿದ್ದಳು. ಮೂರು ಸಲ ತಪ್ಪಿದರೆ ಅಲ್ಲಿಗೆ ಬಿಡಬೇಕಾಗುತ್ತದೆ ಎಂದು ಹೆದರಿ ಸತ್ತಿದ್ದೆ. ಈಗ ತಾನಾಗಿಯೇ ಅತ್ತ ಹೊರಟರೆ ಹಿಡಿದು ನಿಲ್ಲಿಸುವುದು ಹೇಗೆ? ಕರೆದೆ. ತಿರುಗಲಿಲ್ಲ. ಗೋಡೆಯ ಮೂಲೆಯಲ್ಲಿ ಮುರಿದ ಮೆಟ್ಟಿಲುಗಳಿವೆ. ಸೀರೆ ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಹತ್ತಿದ ಮೇಲೆ ತಿಳಿಯಿತು, ಗೋಡೆಯ ನೆತ್ತಿ ಕುಸಿದು ಕುಸಿದು ಒಂದು ಗೇಣೂ ಅಗಲ ಉಳಿದಿಲ್ಲ. ನನ್ನ ಮೈಯೋ, ಎರಡು ಹೆಂಗಸರಿಗೆ ಸಾಲುವಂಥದ್ದು.

ಒಂದು ಹೆಜ್ಜೆ ಇಟ್ಟೆ. ಎಡಕ್ಕೆ ವಾಲಿದೆ. ನನ್ನ ಎರಡೂ ಕೈ ತಾವಾಗಿಯೇ ಅಗಲವಾಗಿ ಚಾಚಿಕೊಂಡವು, ಪಟಪಟ ಬಡಿದವು. ನಿಂತೆ! ಇನ್ನೊಂದು ಹೆಜ್ಜೆ, ಬಲಕ್ಕೆ ವಾಲಿದೆ, ಮತ್ತೆ ಬಡಿದೆ. ಕೆಳಗೆ ಊರು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. "ನಗಬ್ಯಾಡ್ರೋ, ಮ್ಯಾಲದಾಕಿ ನನ್ನ ಸೊಸಿ!" ಎಂದು ಕೂಗುತ್ತಲೇ ಅತ್ತೆಯೂ ನಗುತ್ತಿದ್ದಳು. ನನಗೂ ನಗು ತಡೆಯಲಾಗಲಿಲ್ಲ. ನಕ್ಕರೆ ಬೀಳುತ್ತೇನೆ, ಬೀಳುತ್ತೇನೆಂದು ಬಡಿಯುತ್ತೇನೆ, ಬಡಿಯುತ್ತೇನೆಂದು ಇನ್ನೂ ನಗು.

ಆ ಗದ್ದಲಕ್ಕೆ ಸರದಾರ ತಿರುಗಿದಳು. ತಲೆ ಓರೆ ಮಾಡಿ ನನ್ನನ್ನು ನೋಡಿದಳು. ಕಾಲಡಿಯಲ್ಲಿ ಆಗಲೇ ಸತ್ತಿದ್ದ ಹೆಗ್ಗಣವನ್ನು ಅಲ್ಲೇ ಬಿಟ್ಟು ಗೋಡೆಯಿಂದ ನೆಗೆದಳು. ಮೂರು ಸಲ ಬಡಿದಳು, ನಾನು ಎಣಿಸಿದೆ, ಮೂರೇ ಸಲ, ನನ್ನ ಹೆಗಲ ಮೇಲಿದ್ದಳು. ಕುಡುಗೋಲುಗುರು ನನ್ನ ಕುಪ್ಪಸ ದಾಟಿ ಚುಚ್ಚಿತು. ಅವಳ ಭಾರಕ್ಕೆ ನಾನು ಎಡಕ್ಕೆ ವಾಲಿದೆ, ಅವಳು ಬಡಿದು ನನ್ನನ್ನು ನೆಟ್ಟಗೆ ಮಾಡಿದಳು. ಬಲಕ್ಕೆ ವಾಲಿದೆ, ಮತ್ತೆ ನೆಟ್ಟಗೆ ಮಾಡಿದಳು. ನಾನು ಅಳುತ್ತಾ ನಗುತ್ತಾ ಅವಳ ಕೊರಳಿಗೆ ಕೆನ್ನೆ ಒತ್ತಿದೆ. ಅವಳ ಗರಿಯ ಗಾಳಿ ನನ್ನ ಮುಖದ ಮೇಲೆಲ್ಲ ತಣ್ಣಗೆ ಬೀಸುತ್ತಿತ್ತು.

ಕೆಳಗಿನಿಂದ ಅತ್ತೆ ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು. ಅವಳ ಹಿಂದೆ ಜನ ತಂತಮ್ಮ ಕುಡುಗಾಲಿಗಳನ್ನು ಎತ್ತಿಕೊಂಡು, ಕುಪ್ಪಸದ ಗಂಟು ಎಳೆಯುತ್ತಾ ಆಗಲೇ ನೂಕಾಡುತ್ತಿದ್ದರು.

"ಅಂಬವ್ವಾ! ಕತ್ತರಿ ಎಲ್ಲಿಟ್ಟೀಯೇ? ಲಗೂನ ಇಳಿ, ಇಲ್ಲಿ ನಲವತ್ತು ಮಂದಿ ಪಾಳಿ ಹಚ್ಯಾರ!"